ಕಾಲುಚೀಲದೊಳಗಿನ ಎಳೆ

ದಟ್ಟಗಳ್ಳಿಯಲ್ಲಿ ನಾವು ಮನೆ ಮಾಡಿದ ಹೊಸದು, ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಮಧ್ಯಾಹ್ನದ ಹೊತ್ತು ಅಕ್ಕಪಕ್ಕದ ಇಬ್ಬರು ಹೆಂಗಸರು ಉಲ್ಲನ್ ಹೆಣಿಗೆ ಕಲಿಯಲು ನನ್ನ ಬಳಿ ಬರುತ್ತಿದ್ದರು. ಅವರಲ್ಲೊಬ್ಬರು ಒಂದು ದಿನ ಮೊಮ್ಮಗುವಿಗೆಂದು ಹೆಣೆದ ಕಾಲುಚೀಲ ತಂದು ನನ್ನ ಕೈಗಿಟ್ಟರು. ಬಣ್ಣ ಚೆನ್ನಾಗಿತ್ತು, ಅಳತೆಯೂ ಚೆನ್ನಾಗಿತ್ತು. ಆದರೆ ಮೂರು ಕಡೆ, ಮೇಲಿನಿಂದ ಕೆಳಗಿನವರೆಗೆ, ಸಣ್ಣ ಏಣಿ ನಿಲ್ಲಿಸಿದಂತೆ ಸಂದು ಬಿಟ್ಟುಕೊಂಡಿತ್ತು.

“ಇದೊಂದು ಬಿಟ್ರೆ ಎಲ್ಲ ಸರಿಯಾಗಿದೆ ಅಲ್ವೇನ್ರೀ? ಒಳಗಿಂದ ಒಂದು ಎಳೆ ಓಡಿಸಿ ಮುಚ್ಚಿಬಿಡ್ತೀನಿ. ಹೊರಗಡೆ ಯಾರಿಗೂ ಗೊತ್ತಾಗಲ್ಲ ಕಣ್ರೀ,” ಅಂದರು.

ನಾನು ದಾರದ ತುದಿ ಹುಡುಕಿ, ಎಳೆದು, ಪೂರ್ತಿ ಬಿಚ್ಚಿಬಿಟ್ಟೆ. ಅದು ಅವರ ಒಂದು ವಾರದ ಕೆಲಸ. ಅವರು ನನ್ನ ಮುಖವನ್ನೇ ನೋಡುತ್ತ ಕೂತರು. “ಇನ್ನೊಂದ್ಸಲ ಹಾಕೋಣ, ನಾನೇ ಜೊತೇಲಿ ಕೂರ್ತೀನಿ,” ಎಂದದ್ದು ಬಿಟ್ಟರೆ ಕಾರಣ ಹೇಳಲು ನನಗೆ ಬಾಯಿ ಬರಲಿಲ್ಲ.

ಆ ಕಾರಣವನ್ನು ಈಗ ಬರೆಯುತ್ತಿದ್ದೇನೆ. ಓದುವವರು ಮುಂದೆ ಬರುವ ಮಗುವಿನ ವಿಷಯಕ್ಕೆ ಕಳವಳಪಡಬಾರದೆಂದು ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಬೆರಳು ಉಳಿಯಿತು. ಇಷ್ಟು ವರ್ಷಗಳ ಮೇಲೂ ಈ ಎರಡು ಪದ ಬರೆಯುವಾಗ ಎದೆ ಹಗುರಾಗುತ್ತದೆ. ಉಳಿದದ್ದನ್ನು ನಾನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಕಾಣದೆ ಊಹಿಸಿದ್ದು ಎಲ್ಲಾದರೂ ಬಂದರೆ, ಊಹೆ ಎಂದೇ ಹೇಳುತ್ತೇನೆ.

ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ಅಕ್ಕ ಚೊಚ್ಚಲ ಬಾಣಂತನಕ್ಕೆ ಕೃಷ್ಣಮೂರ್ತಿಪುರಂನ ನಮ್ಮ ಮನೆಗೆ ಬಂದಿದ್ದಳು. ಹೆಣ್ಣುಮಗು, ಐದು ವಾರ ತುಂಬಿತ್ತು. ನನ್ನ ಬಿ.ಎ. ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ವಾರಕ್ಕೆರಡು ದಿನ ಬಸ್ಸು ಹತ್ತಿ ಜಯಲಕ್ಷ್ಮಿಪುರಂಗೆ ಹೋಗುತ್ತಿದ್ದೆ. ಹೈಸ್ಕೂಲಿನಲ್ಲಿ ಹೊಲಿಗೆ, ಹೆಣಿಗೆ ಕಲಿಸಿ ನಿವೃತ್ತರಾಗಿದ್ದ ಒಬ್ಬ ಟೀಚರ್ ಅಲ್ಲಿ ತಮ್ಮ ಮನೆಯಲ್ಲೇ ಹೇಳಿಕೊಡುತ್ತಿದ್ದರು. ಎರಡು ಕಡ್ಡಿಯ ಹೆಣಿಗೆ ನನ್ನ ಕೈಗೆ ಕೂತಿತ್ತು. ಮಫ್ಲರ್ ಆಗಿತ್ತು, ಅಕ್ಕನ ಮಗುವಿಗೊಂದು ಕುಲಾವಿ ಆಗಿತ್ತು. ನಾಲ್ಕು ಕಡ್ಡಿಯದು ಆಗಷ್ಟೇ ಶುರು.

ಗೊತ್ತಿಲ್ಲದವರಿಗಾಗಿ ಅದನ್ನು ಸ್ವಲ್ಪ ವಿವರಿಸಬೇಕು. ಕಾಲುಚೀಲದಂಥ ಕೊಳವೆಯಾಕಾರದ ವಸ್ತುವನ್ನು ಜೋಡಣೆಯಿಲ್ಲದೆ ಸುತ್ತಲೂ ಹೆಣೆಯಲು ಎರಡೂ ತುದಿ ಚೂಪಾಗಿರುವ ಕಡ್ಡಿಗಳು ಬೇಕು. ಕುಣಿಕೆಗಳನ್ನು ಮೂರು ಕಡ್ಡಿಗಳಿಗೆ ಹಂಚಿ ತ್ರಿಕೋನ ಮಾಡಿಕೊಂಡು, ನಾಲ್ಕನೆಯ ಕಡ್ಡಿಯಿಂದ ಹೆಣೆಯುತ್ತ ಸುತ್ತು ಬರುತ್ತೇವೆ. ತ್ರಿಕೋನದ ಪ್ರತಿ ಮೂಲೆಯಲ್ಲೂ ದಾರ ಒಂದು ಕಡ್ಡಿಯ ಕೊನೆಯ ಕುಣಿಕೆಯಿಂದ ಮುಂದಿನ ಕಡ್ಡಿಯ ಮೊದಲ ಕುಣಿಕೆಗೆ ದಾಟಬೇಕು. ದಾಟುವಾಗ ಅಲ್ಲಿ ಕೂದಲೆಳೆಯಷ್ಟು ಸಡಿಲ ಉಳಿಯುತ್ತದೆ. ಮುಂದಿನ ಸುತ್ತಿನಲ್ಲಿ ಅದೇ ಜಾಗದಲ್ಲಿ ಇನ್ನೊಂದಷ್ಟು. ಒಂದರ ಮೇಲೊಂದು ಸೇರಿ, ಕೊನೆಗೆ ಮೂರು ಮೂಲೆಯಲ್ಲಿ ಮೂರು ಏಣಿ. ಹೊಸಬರೆಲ್ಲರಿಗೂ ಆಗುವುದೇ. ಆದರೆ ನಮ್ಮ ಟೀಚರ್ ಯಾರದೇ ಕೆಲಸವಾಗಲಿ ಕಿಟಕಿಗೆ ಎತ್ತಿ ಹಿಡಿದು, ಬೆಳಕಿಗೆ ನೋಡಿ, ಎಲ್ಲರ ಮುಂದೆ, “ಇದೇನಮ್ಮ, ಕಾಲುಚೀಲಾನೋ ಜರಡೀನೋ?” ಎಂದು ಕೇಳುವವರು. ನನ್ನದು ಜರಡಿಯ ಪೈಕಿಯಾಗಿತ್ತು.

ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ಹತ್ತಿರ ಬಂದಿತ್ತು. ಅಕ್ಕನ ಅತ್ತೆಮನೆಯವರು ಬರುವವರಿದ್ದರು. ಅಷ್ಟರೊಳಗೆ ಒಂದು ಜೊತೆ ಕಾಲುಚೀಲ ಮುಗಿಸುತ್ತೇನೆಂದು ನಾನು ಎಲ್ಲರಿಗೂ ಹೇಳಿಕೊಂಡಿದ್ದೆ. ಮುಗಿಸಿದೆ. ಒಂದೊಂದರಲ್ಲೂ ಮೂರು ಏಣಿ, ಒಟ್ಟು ಆರು. ಟೀಚರಿಗೆ ತೋರಿಸಲು ನಾಚಿಕೆಯಾಯಿತು. ಆಗ ನನಗೆ ಹೊಳೆದ ಉಪಾಯವೇ ಈ ಕತೆಯ ಮೂಲ. ನಾಲ್ಕು ಎಳೆ ಸೇರಿಸಿ ತಿರುಚಿದ ಉಲ್ಲನ್ನಿನಿಂದ ಒಂದು ಎಳೆಯನ್ನು ಬೇರೆ ಮಾಡಿದೆ. ಅಂಥ ಆರು ಎಳೆಗಳನ್ನು ಅಡಿಗೋಲಿಗೆ ಹಿಡಿದು ಒಂದೊಂದು ಅಡಿಗೆ ಕತ್ತರಿಸಿದೆ. ಸೂಜಿಗೆ ಪೋಣಿಸಿ, ಕಾಲುಚೀಲವನ್ನು ಒಳಮಗ್ಗುಲಿಗೆ ತಿರುಗಿಸಿ, ಸಂದಿನ ಈ ಅಂಚಿನಿಂದ ಆ ಅಂಚಿಗೆ ಶೂ ಲೇಸು ಹಾಕಿದಂತೆ ಓಡಿಸಿದೆ. ಬಿಗಿದರೆ ಹೊರಗೆ ಸುಕ್ಕು ಬರುತ್ತಿತ್ತು. ಹಾಗಾಗಿ ಸಡಿಲವಾಗಿಯೇ ಬಿಟ್ಟೆ. ಮತ್ತೆ ತಿರುಗಿಸಿ ನೋಡಿದಾಗ ಹೊರಗೆ ಒಂದೂ ಸಂದು ಕಾಣಲಿಲ್ಲ. ಅಮ್ಮ, “ಅಂಗಡೀದೇ ಅನ್ನಬೇಕು,” ಅಂದಳು. ನಾನು ಹೌದೆಂದು ನಕ್ಕೆ.

ಶಾಸ್ತ್ರಕ್ಕೆ ಇನ್ನೂ ಕೆಲವು ದಿನವಿರುವಾಗ, ಒಂದು ಬೆಳಿಗ್ಗೆ ಹತ್ತು ಗಂಟೆಗೆ ಮಗುವಿಗೆ ಸ್ನಾನವಾಯಿತು. ಮಗುವಿಗೆ ನೀರು ಹಾಕಲು ಒಬ್ಬ ಅಜ್ಜಿ ದಿನವೂ ಬರುತ್ತಿದ್ದರು. ಹಳ್ಳಿಯಿಂದ ಬಂದು ನಗರದಲ್ಲಿ ನೆಲೆಸಿದವರು, ಆ ಬಡಾವಣೆಯ ಎಷ್ಟೋ ಮಕ್ಕಳಿಗೆ ಕಾಲಿನ ಮೇಲೆ ಮಲಗಿಸಿಕೊಂಡು ನೀರು ಹಾಕಿದವರು. ಎಣ್ಣೆ ತಿಕ್ಕಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು ಕೊಟ್ಟು ಅವರು ಹೋದ ಮೇಲೆ, ಹೊಸ ಕಾಲುಚೀಲ ಹಾಕಿದವಳು ನಾನೇ. ಅಮ್ಮ ಹಳೆಯ ಮೆತ್ತನೆಯ ಸೀರೆಯ ತುಂಡಿನಲ್ಲಿ ಮಗುವನ್ನು ಕುತ್ತಿಗೆಯಿಂದ ಪಾದದವರೆಗೆ ಬಿಗಿಯಾಗಿ ಸುತ್ತಿ ಮಲಗಿಸಿದಳು.

ಸುಮಾರು ಹನ್ನೆರಡೂವರೆಗೆ ಮಗು ಎದ್ದು ಅಳತೊಡಗಿತು. ಅಕ್ಕ ಎದೆಗೆ ಹಾಕಿಕೊಂಡಳು, ಕುಡಿಯಲಿಲ್ಲ. ಅಮ್ಮ ಇಂಗು ಕಲಸಿ ಹೊಕ್ಕುಳ ಸುತ್ತ ಹಚ್ಚಿದಳು. ಅಳು ನಿಲ್ಲಲಿಲ್ಲ. “ಕಿವಿನೋವೇನೋ ಕಣೇ,” ಎಂದು ಕಿವಿ ಮುಟ್ಟಿ ನೋಡಿದಳು. ಆಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, “ಒಂಚೂರೂ ಘಾಟು ಬರಲಿಲ್ಲ ನೋಡಿ. ಎಷ್ಟು ದೃಷ್ಟಿ ಆಗಿದೆ! ನೆನ್ನೆ ಎದುರುಮನೆಯವರು ಬಂದು ಮುದ್ದು ಮಾಡಿದಾಗಲೇ ಅಂದ್ಕೊಂಡೆ,” ಅಂದಳು.

ಈ ಎರಡೂವರೆ ಗಂಟೆಗಳಲ್ಲಿ ನಾವು ಎರಡು ಸಲ ಸುತ್ತಿದ ಬಟ್ಟೆ ಬಿಚ್ಚಿ, ಒದ್ದೆಯಾದದ್ದು ತೆಗೆದು ಬೇರೆ ಹಾಕಿದೆವು. ಎರಡು ಸಲವೂ ಕಾಲುಚೀಲ ಕಾಲಿನಲ್ಲೇ ಇತ್ತು. ಶೀತ ಪಾದದಿಂದ ಏರುತ್ತದೆ, ಸ್ನಾನದಿಂದ ಸ್ನಾನದವರೆಗೆ ಮಗುವಿನ ಪಾದ ಬರಿದಾಗಿರಬಾರದು ಎಂಬುದು ನಮ್ಮ ಮನೆಯ ಬಾಣಂತನದ ಕಟ್ಟಳೆ. ಇರುವೆ ಕಚ್ಚಿದೆಯೇ, ಪಿನ್ನು ಚುಚ್ಚಿದೆಯೇ ಎಂದು ಮೈಯೆಲ್ಲ ಹುಡುಕಿದೆವು. ಎಲ್ಲ ನೋಡಿದ್ದೇವೆ ಎಂದೇ ಮೂವರೂ ನಂಬಿದ್ದೆವು. ಕಾಲುಚೀಲವನ್ನು ನಾವು ಬಟ್ಟೆ ಎಂದು ಎಣಿಸಿರಲೇ ಇಲ್ಲ.

ಮೂರು ಗಂಟೆಯ ಹೊತ್ತಿಗೆ ಗೇಟಿನ ಸದ್ದಾಯಿತು. ನೀರು ಹಾಕುವ ಅಜ್ಜಿ ಬೆಳಿಗ್ಗೆ ಎಲೆಅಡಿಕೆ ಚೀಲ ಮರೆತು ಹೋಗಿದ್ದರು, ಅದಕ್ಕೆ ಬಂದಿದ್ದರು. ಚೀಲ ಕೇಳುವ ಮೊದಲೇ ಬಾಗಿಲಲ್ಲಿ ನಿಂತು ಕಿವಿಗೊಟ್ಟರು.

“ಎಷ್ಟೊತ್ತಿಂದ ಇಂಗೆ ಅಳ್ತಾ ಅದೆ?”

“ಎರಡೂವರೆ ಗಂಟೆ ಆಯ್ತು ಅಜ್ಜಿ. ಹೊಟ್ಟೆನೋವು, ದೃಷ್ಟಿ ಬೇರೆ,” ಅಂದಳು ಅಮ್ಮ.

“ಒಟ್ಟೆನೋವಿನ ಅಳು ಅಲ್ಲ ಕಣವ್ವ ಇದು. ಅದು ಬಂದು ಬಂದು ಓಯ್ತದೆ. ಇದು ಒಂದೇ ಸಮ ಅದೆ. ಎಲ್ಲಾನೂವೆ ಬಿಚ್ಬುಡಿ.”

“ಬಿಚ್ಚಿ ನೋಡಿದ್ವಿ ಅಜ್ಜಿ.”

“ನಾನು ನೋಡ್ನಿಲ್ವಲ್ಲ,” ಎಂದು ಅವರು ನೆಲದ ಮೇಲೆ ಕೂತು ಕಾಲು ಚಾಚಿ, ಮಗುವನ್ನು ಮಲಗಿಸಿಕೊಂಡು ಬಟ್ಟೆ ಬಿಚ್ಚಿದರು. ಎಡಗಾಲಿನ ಚೀಲ ತೆಗೆದರು. ಬಲಗಾಲಿನದಕ್ಕೆ ಕೈ ಹಾಕಿದೊಡನೆ ಮಗು ಕಿರುಚಿದ ಸದ್ದಿಗೆ ಅಕ್ಕ ಎದ್ದು ನಿಂತಳು.

“ಎಳೀರಿ ಅಜ್ಜಿ, ಬೇಗ,” ಅಂದಳು ಅಮ್ಮ.

“ಎಳೆಯಾಕಿಲ್ಲ. ಏನೋ ಇಡ್ಕಂಡದೆ.” ಅವರು ನನ್ನ ಕಡೆ ನೋಡಿದರು. “ಎಣೆದೋಳು ನೀನಲ್ವೇನವ್ವ? ನಿಂಗೆ ಗೊತ್ತಿರ್ತದೆ. ಬಾ.”

ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಕಾಲುಚೀಲವನ್ನು ಹಿಮ್ಮಡಿಯಿಂದ ಮುಂದಕ್ಕೆ, ಒಳಗು ಹೊರಗಾಗುವಂತೆ, ಮಡಿಸುತ್ತ ಬಂದೆ. ನನ್ನ ಎಳೆ ಮಗುವಿನ ಹೆಬ್ಬೆರಳ ಪಕ್ಕದ ಬೆರಳಿಗೆ ಸುತ್ತಿಕೊಂಡಿತ್ತು. ಬೆರಳು ಸಡಿಲ ಬಿಟ್ಟ ಲೇಸಿನೊಳಗೆ ಹೊಕ್ಕಿರಬೇಕು. ಮಗು ಕಾಲು ಆಡಿಸಿದಂತೆಲ್ಲ ತಿರುಚಿಕೊಂಡಿರಬೇಕು. ಇದು ಊಹೆ. ಕಂಡದ್ದು ಇಷ್ಟು: ಬೆರಳ ಬುಡ ತೆಳ್ಳಗೆ, ತುದಿ ಊದಿಕೊಂಡು ಬದನೆಕಾಯಿಯ ಬಣ್ಣ. ಬೆರಳಿನ ಅಳತೆ ಹೇಳಬೇಕೆಂದರೆ ಒಂದು ಕಡಲೆಕಾಯಿ ಬೀಜ.

ಕತ್ತರಿಯಿಂದ ಬೆರಳಿಗೂ ಕಾಲುಚೀಲಕ್ಕೂ ನಡುವಿನ ಎಳೆಯನ್ನು ಕತ್ತರಿಸಿದೆ. ಕಾಲುಚೀಲ ಬಿಟ್ಟುಕೊಂಡಿತು. ಬೆರಳಿನ ಸುತ್ತ ಇದ್ದದ್ದು ಚರ್ಮದೊಳಗೆ ಹೂತು ಕಾಣದಾಗಿತ್ತು. ಅದಕ್ಕೆ ಕತ್ತರಿ ತಾಗಿಸಲು ಅಜ್ಜಿ ಬಿಡಲಿಲ್ಲ. “ಡಾಕ್ಟ್ರ ತಾವ್ಕೆ ನಡೀರಿ,” ಅಂದರು.

ಮಕ್ಕಳ ಡಾಕ್ಟರ ಮನೆ ಮೂರು ರಸ್ತೆಯಾಚೆ. ಕೆಳಗೆ ಕ್ಲಿನಿಕ್, ಮೇಲೆ ಮನೆ. ಕ್ಲಿನಿಕ್ ತೆರೆಯುತ್ತಿದ್ದದ್ದು ಸಂಜೆ ಐದಕ್ಕೆ. ಅಕ್ಕ ಬಾಣಂತಿಯ ಸ್ಕಾರ್ಫಿನಲ್ಲೇ, ಬರಿಗಾಲಲ್ಲಿ, ಮಗುವನ್ನು ಅವಚಿಕೊಂಡು ಓಡಿದಳು. ಅಮ್ಮನೂ ನಾನೂ ಹಿಂದೆ. ಎರಡೂ ಕಾಲುಚೀಲ ನನ್ನ ಮುಷ್ಟಿಯಲ್ಲಿದ್ದವು. ಯಾಕೆ ತಂದೆ ಎಂದು ಆಗ ನನಗೇ ಗೊತ್ತಿರಲಿಲ್ಲ.

ಡಾಕ್ಟರು ಪಂಚೆಯಲ್ಲೇ ಕೆಳಗಿಳಿದು ಬಂದರು. ಬೆರಳು ನೋಡಿದವರೇ ಕೈ ತೊಳೆದುಕೊಂಡರು. ನರ್ಸ್ ಇನ್ನೂ ಬಂದಿರಲಿಲ್ಲ. ಅಮ್ಮನಿಗೆ ಮಗುವಿನ ಮಂಡಿ ಹಿಡಿಯಲು ಹೇಳಿದರು, ನನಗೆ ಟಾರ್ಚು ಕೊಟ್ಟರು. ಭೂತಗನ್ನಡಿ ಎಡಗೈಯಲ್ಲಿ, ಸಣ್ಣ ಬ್ಲೇಡು ಬಲಗೈಯಲ್ಲಿ. ಅಕ್ಕ ಮಗುವಿನ ತಲೆಯ ಬಳಿ ಕೂತು, “ಆಯ್ತು ಪುಟ್ಟಿ, ಆಯ್ತು ಪುಟ್ಟಿ,” ಎನ್ನುತ್ತಿದ್ದಳು. ಆಗಿರಲಿಲ್ಲ. ಮೊದಲ ಸಲ ಬ್ಲೇಡು ಜಾರಿತು. ಎರಡನೆಯ ಸಲ ಒಂದು ತುಂಡು ದಾರ ಬಂತು. ಮೂರನೆಯ ಸಲ ಇನ್ನೊಂದು. ರಕ್ತ ಬರುತ್ತಿದ್ದರಿಂದ, ಊತವಿದ್ದುದರಿಂದ, ಇನ್ನೂ ಏನಾದರೂ ಉಳಿದಿದೆಯೇ ಎಂಬುದು ಕಾಣುತ್ತಿರಲಿಲ್ಲ.

“ಇದೇನು, ಹೊಲಿಗೆ ದಾರಾನಾ?” ಎಂದು ಕೇಳಿದರು.

“ಎಲ್ಲಿಂದ ಬಂತೋ ಗೊತ್ತಿಲ್ಲ ಡಾಕ್ಟ್ರೇ. ಕಾಲುಚೀಲದೊಳಗೆ ಇತ್ತು,” ಅಂದಳು ಅಮ್ಮ.

“ನಂದು,” ಅಂದೆ.

ಅಮ್ಮ ತಿರುಗಿ ನೋಡಿದಳು. ಅಕ್ಕ ನೋಡಲಿಲ್ಲ.

“ಉಲ್ಲನ್ನಿನ ಒಂಟಿ ಎಳೆ. ಸಂದು ಕಾಣಬಾರದು ಅಂತ ಒಳಗಿಂದ ನಾನೇ ಓಡಿಸಿದ್ದೆ. ಒಂದೊಂದು ಸಂದಿಗೂ ಒಂದೊಂದು. ಕತ್ತರಿಸಿದ್ದು ಸರಿಯಾಗಿ ಒಂದು ಅಡಿ.”

“ಸರಿಯಾಗಿ ಅಂದ್ರೆ?”

“ಅಡಿಗೋಲಿಗೆ ಹಿಡಿದು, ಡಾಕ್ಟ್ರೇ.”

ಅವರು ಮೇಜಿನ ಕಡೆ ತೋರಿಸಿ, “ಹಾಗಾದ್ರೆ ಅಳೆದು ನೋಡು,” ಅಂದರು. ಟಾರ್ಚನ್ನು ಅಮ್ಮನ ಕೈಗೆ ಕೊಟ್ಟು, ನಾನು ಕತ್ತರಿಸಿದ್ದ ಎಳೆಯಲ್ಲಿ ಬಲಗಾಲಿನ ಚೀಲದೊಳಗೆ ಉಳಿದಿದ್ದ ಭಾಗವನ್ನು ಗಂಟು ಬಿಚ್ಚಿ ತೆಗೆದೆ. ಅದನ್ನೂ, ಬೆರಳಿನಿಂದ ಬಂದ ಎರಡು ತುಂಡುಗಳನ್ನೂ, ಮೇಜಿನ ಮೇಲಿದ್ದ ಸ್ಕೇಲಿನ ಪಕ್ಕ ಒಂದರ ತುದಿಗೆ ಒಂದು ಸೇರಿಸಿಟ್ಟೆ. ಎಳೆಯದೆ, ಬೆರಳಿನಿಂದ ಒತ್ತದೆ ಇಟ್ಟೆ. ಹನ್ನೊಂದು ಅಂಗುಲಕ್ಕೆ ನಿಂತಿತು. ಮತ್ತೊಮ್ಮೆ ಇಟ್ಟೆ. ಹನ್ನೊಂದೇ.

“ಒಂದು ಅಂಗುಲ ಕಡಿಮೆ ಇದೆ.”

“ಉಲ್ಲನ್ ಹಿಗ್ಗುತ್ತೆ ಕಣಮ್ಮ. ಕತ್ತರಿಸೋವಾಗ ಎಳೆದು ಹಿಡಿದಿದ್ರೆ?”

ಎಡಗಾಲಿನ ಚೀಲದ ಗಂಟು ಬಿಚ್ಚಿ ಒಂದು ಎಳೆ ತೆಗೆದು ಸ್ಕೇಲಿನ ಪಕ್ಕ ಇಟ್ಟೆ. ಹನ್ನೆರಡು. ಇನ್ನೊಂದನ್ನೂ ತೆಗೆದೆ. ಹನ್ನೆರಡು. ಅವರು ತಾವೇ ಬಂದು ಬಗ್ಗಿ ನೋಡಿದರು. ಆ ಬೆರಳ ಸುತ್ತಳತೆ ಒಂದು ಅಂಗುಲಕ್ಕಿಂತ ಹೆಚ್ಚಿರಲಾರದು ಎಂಬುದು ಇಬ್ಬರಿಗೂ ಒಟ್ಟಿಗೆ ಹೊಳೆಯಿತೆಂದು ಕಾಣುತ್ತದೆ.

“ಇನ್ನೂ ಒಂದು ಸುತ್ತು ಒಳಗಿದೆ,” ಅಂದರು ಡಾಕ್ಟರು.

ಈ ಸಲ ಅವರು ಬೆರಳನ್ನು ಅಡಿಭಾಗದಿಂದ ನೋಡಿದರು. ಎಷ್ಟು ಹೊತ್ತು ಹಿಡಿಯಿತೋ ಹೇಳಲಾರೆ. ಗೋಡೆಯ ಗಡಿಯಾರ ನನ್ನ ಬೆನ್ನ ಹಿಂದಿತ್ತು. ಅವರ ಇಕ್ಕಳದ ತುದಿಯಲ್ಲಿ ಒಂದು ಕೆಂಪಗಿನ ನೂಲು ಬಂತು. ಅದನ್ನು ಒದ್ದೆ ಹತ್ತಿಯಲ್ಲಿ ಒರೆಸಿ ನನ್ನ ಮುಂದಿಟ್ಟರು. ಅಳೆದೆ. ಅಂಗುಲಕ್ಕೆ ಒಂದು ಕೂದಲಷ್ಟು ಹೆಚ್ಚೇ ಇತ್ತು, ನೆಂದಿದ್ದಕ್ಕಿರಬೇಕು.

“ಪೂರ್ತಿ ಆಯ್ತು ಡಾಕ್ಟ್ರೇ,” ಅಂದೆ.

ಬೆರಳು ಮೊದಲು ಬಿಳುಪಾಯಿತು. ಆಮೇಲೆ ಬುಡದಲ್ಲಿ ಒಂದು ತಿಳಿ ಕೆಂಪು ಕಾಣಿಸಿ, ನೋಡುತ್ತಿದ್ದಂತೆಯೇ ತುದಿಯ ಕಡೆ ಏರಿತು. ಮಗುವಿನ ಅಳು ಸಣ್ಣದಾಗಿ, ಬಿಕ್ಕಾಯಿತು. ಆಮೇಲೆ ಬಾಯಿ ಹಾಲು ಹುಡುಕತೊಡಗಿತು. ಅಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾನು ಮೇಜು ಹಿಡಿದುಕೊಂಡೆ. ಇಷ್ಟು ದೊಡ್ಡ ನಿರಾಳವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆದರೆ ಉಗುರಿನ ಸುತ್ತ ಒಂದು ಕಪ್ಪು ನೆರಳು ಉಳಿದೇ ಇತ್ತು. ಡಾಕ್ಟರು ಅದನ್ನೇ ನೋಡುತ್ತಿದ್ದರು.

“ಮೂರು ದಿನ ನೋಡೋಣ. ಆ ತುದಿ ಕೆಂಪಾದ್ರೆ ಚಿಂತೆಯಿಲ್ಲ. ಕಪ್ಪಾಗ್ತಾ ಹೋದ್ರೆ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ. ಪಾದ ಬೆಚ್ಚಗಿರಬೇಕು, ರಕ್ತ ಓಡಾಡಬೇಕು. ಆದರೆ ಬಿಗಿ ಇರಬಾರದು. ಎಲಾಸ್ಟಿಕ್ ಬೇಡ, ದಾರ ಕಟ್ಟೋದು ಬೇಡ, ಒಳಗಡೆ ಒಂದು ನೂಲೂ ಇರಬಾರದು,” ಅಂದರು.

ಮನೆಗೆ ಬಂದ ಮೇಲೆ ಇದು ಹೇಳಿದಷ್ಟು ಸುಲಭವಲ್ಲ ಎಂದು ಗೊತ್ತಾಯಿತು. ಅಂಗಡಿಯ ಕಾಲುಚೀಲಕ್ಕೆಲ್ಲ ಎಲಾಸ್ಟಿಕ್. ಮೆತ್ತನೆ ಬಟ್ಟೆ ಸುತ್ತಿದರೆ ಮಗು ಎರಡು ಸಲ ಒದೆಯುವಷ್ಟರಲ್ಲಿ ಉದುರುತ್ತಿತ್ತು. ಅಕ್ಕ ಪಾದವನ್ನು ತನ್ನ ಎರಡು ಅಂಗೈಗಳ ನಡುವೆ ಹಿಡಿದು ಗೋಡೆಗೊರಗಿ ಕೂತಳು. ನಾನು, “ಸ್ವಲ್ಪ ಹೊತ್ತು ನಾನು ಹಿಡ್ಕೊಳ್ಲಾ?” ಎಂದು ಕೈ ಚಾಚಿದೆ.

“ನೀನು ಮುಟ್ಬೇಡ,” ಅಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಅಜ್ಜಿ ಬಂದಾಗ, ಅಕ್ಕನ ಕೈ ಜೋಮು ಹಿಡಿದಿತ್ತು. ಅಮ್ಮ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು.

“ಅಂಗಾರೆ ಇವಳ ಕೈಲೇ ಇನ್ನೊಂದು ಎಣೆಸ್ಬುಡಿ,” ಅಂದರು ಅಜ್ಜಿ.

“ಇವಳ ಕೈಲಾ? ಮತ್ತೆ?” ಅಂದಳು ಅಕ್ಕ.

“ಇನ್ಯಾರು ಎಣೆದಾರು? ನಾನಾ? ನಂಗೆ ಚಾಪೆ ಎಣೆಯಕ್ಕೂ ಬರಾಕಿಲ್ಲ. ಎಲ್ಲಿ ತಪ್ಪಾಯ್ತು ಅಂತ ಅವಳಿಗೆ ಗೊತ್ತದೆ, ಬ್ಯಾರೆಯೋರಿಗೆ ಗೊತ್ತಿಲ್ಲ.” ನನ್ನ ಕಡೆ ತಿರುಗಿ, “ಓಗು ಮಗ, ನಿನ್ ಟೀಚರಮ್ಮನ್ನ ಕೇಳು. ನಾಚ್ಕಬ್ಯಾಡ,” ಅಂದರು.

ಜಯಲಕ್ಷ್ಮಿಪುರಂಗೆ ಹೋದಾಗ ಟೀಚರ್ ಬಾಗಿಲಿಗೆ ರಂಗೋಲಿ ಹಾಕುತ್ತಿದ್ದರು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಏಣಿ ಮುಚ್ಚಿದ್ದನ್ನು, ಅವರಿಗೆ ತೋರಿಸದೆ ಬಚ್ಚಿಟ್ಟಿದ್ದನ್ನು, ಹನ್ನೊಂದು ಅಂಗುಲವನ್ನು. ಅವರ ಕೈಯ ರಂಗೋಲಿ ಪುಡಿ ಒಂದೇ ಕಡೆ ರಾಶಿ ಬೀಳುತ್ತಿತ್ತು. “ಒಳಗೆ ಬಾ,” ಅಂದರು. ಕೂರಿಸಿ, ಕಾಫಿ ಕೊಟ್ಟರು. ಆಮೇಲೆ, “ನಾನು ಕಿಟಕಿಗೆ ಹಿಡಿದು ಎಲ್ಲರ ಮುಂದೆ ಅನ್ನಬಾರದಿತ್ತು. ಹೇಗೆ ಬರತ್ತೆ ಸಂದು ಅಂತ ಬೈದೆ, ಹೇಗೆ ಬರದ ಹಾಗೆ ಮಾಡೋದು ಅಂತ ಹೇಳಿಕೊಡಲಿಲ್ಲ,” ಅಂದರು. ನನಗೆ ಅಲ್ಲಿ ಅಳು ಬಂತು.

“ಅಳೋದಕ್ಕೆ ಆಮೇಲೆ ಟೈಮ್ ಇದೆ. ಕಡ್ಡಿ ತಗೋ.”

ಅವರು ಇನ್ನೊಂದು ಜೊತೆಯಿಂದ ಒಂದು ಕಡ್ಡಿ ತೆಗೆದು ನನ್ನ ನಾಲ್ಕಕ್ಕೆ ಸೇರಿಸಿದರು. ಕುಣಿಕೆಗಳನ್ನು ಮೂರರ ಬದಲು ನಾಲ್ಕು ಕಡ್ಡಿಗೆ ಹಂಚಿ, ಐದನೆಯದರಲ್ಲಿ ಹೆಣೆಯಲು ಹೇಳಿದರು. ತ್ರಿಕೋನದ ಮೂಲೆ ಚೂಪು, ಚೌಕದ ಮೂಲೆ ಅಷ್ಟು ಚೂಪಲ್ಲ. ದಾರ ಅಲ್ಲಿ ಅಷ್ಟು ಜಗ್ಗುವುದಿಲ್ಲ. ಮೂಲೆ ದಾಟುವಾಗ ಎರಡು ಕಡ್ಡಿಗಳ ತುದಿ ಒಂದಕ್ಕೊಂದು ತಾಗುವಷ್ಟು ಹತ್ತಿರ ಹಿಡಿಸಿದರು. ನಾನು ಹೊಸ ಕಡ್ಡಿಯ ಮೊದಲ ಕುಣಿಕೆ ಹೆಣೆದು, ಜೋರಾಗಿ ದಾರ ಎಳೆದೆ.

“ಅಲ್ಲೇ ನೀನು ತಪ್ಪೋದು. ಮೊದಲನೇದನ್ನ ಎಳೆದರೆ ಅದನ್ನ ಹಿಡಿದು ನಿಲ್ಸೋಕೆ ಮುಂದೆ ಯಾರಿದಾರೆ? ಜಾರಿ ಮತ್ತೆ ಸಡಿಲ ಆಗತ್ತೆ. ಎರಡನೇದನ್ನೂ ಹೆಣಿ. ಈಗ ಎಳಿ. ಜಗಳಕ್ಕೆ ಬಂದ ಹಾಗೆ ಅಲ್ಲ ಕಣೇ, ಮೆತ್ತಗೆ!”

ಎರಡನೆಯ ಕುಣಿಕೆಯ ಮೇಲೆ ಎಳೆದಾಗ ಮೊದಲನೆಯದು ತಾನಾಗಿ ಹಿಂದಿನ ಕಡ್ಡಿಗೆ ಅಂಟಿಕೊಂಡಿತು. ಇದಿಷ್ಟೇ ನನಗೆ ತಿಳಿಯದೆ ಹೋಗಿದ್ದದ್ದು. ಅದರ ಮೇಲೆ ಇನ್ನೊಂದು ಹೇಳಿದರು. ಪ್ರತಿ ಕಡ್ಡಿ ಮುಗಿದಾಗ ಮುಂದಿನ ಕಡ್ಡಿಯ ಮೊದಲೆರಡು ಕುಣಿಕೆಗಳನ್ನೂ ಅದೇ ಕಡ್ಡಿಗೆ ಹೆಣೆದುಕೊಳ್ಳಬೇಕು. ಹಾಗೆ ಮಾಡಿದರೆ ಮೂಲೆ ಪ್ರತಿ ಸುತ್ತಿಗೂ ಎರಡು ಕುಣಿಕೆ ಆಚೆ ಸರಿಯುತ್ತದೆ. ಒಂಚೂರು ಸಡಿಲ ಉಳಿದರೂ ಒಂದೇ ಕಡೆ ಸೇರುವುದಿಲ್ಲ, ಏಣಿ ಆಗುವುದಿಲ್ಲ. ಸುತ್ತಿನ ಆರಂಭ ತಪ್ಪದಿರಲು ಹೊರಗಡೆಗೆ ಒಂದು ಕೆಂಪು ದಾರ ಗುರುತಿಗೆ ಸಿಕ್ಕಿಸಿದರು, ಮುಗಿದ ಮೇಲೆ ಅವರೇ ಕಿತ್ತರು.

ಹಿಮ್ಮಡಿ ಬೇಡ, ನೇರ ಕೊಳವೆಯಂತೆ ಹೋಗು ಅಂದರು. ಮೇಲ್ಭಾಗಕ್ಕೆ ಎರಡು ಕುಣಿಕೆ ಸೀದಾ ಹೆಣಿಗೆ, ಎರಡು ಉಲ್ಟಾ ಹೆಣಿಗೆ. ಅದೇ ಹಿಗ್ಗಿ ಕುಗ್ಗಿ ಕಾಲಿನಲ್ಲಿ ನಿಲ್ಲುತ್ತದೆ, ಕಟ್ಟಲು ದಾರ ಬೇಡ. ಮಧ್ಯಾಹ್ನದ ಊಟ ಅಲ್ಲೇ ಆಯಿತು. ಮುಗಿಸಿದಾಗ ದಾರದ ಎರಡು ತುದಿಗಳು ಉಳಿದವು. ಅಭ್ಯಾಸಬಲದಿಂದ ಒಳಕ್ಕೆ ಸೇರಿಸಲು ಹೋದೆ.

“ಹೊರಗೆ ಸೇರಿಸು.”

“ಹೊರಗೆ ಕಾಣತ್ತಲ್ಲ ಟೀಚರ್.”

“ಕಾಣಲಿ. ಆ ಮಗು ಏನು ಹಸೆಮಣೆ ಮೇಲೆ ಕೂರ್ತಾ ಇದೆಯಾ? ನೀನು ನೋಡೋರಿಗೆ ಹೆಣೀತಿದೀಯೋ, ಹಾಕ್ಕೊಳ್ಳೋರಿಗೋ?”

ಹೊರಗೇ ಸೇರಿಸಿದೆ. ಕಣಕಾಲ ಹತ್ತಿರ ಒಂದು ಗಂಟು ಗಡ್ಡೆಯಾಗಿ ಕಾಣುತ್ತಿತ್ತು. ಟೀಚರ್ ಅದನ್ನು ಕಿಟಕಿಗೆ ಎತ್ತಿ ಹಿಡಿಯಲಿಲ್ಲ. ಕಿರುಬೆರಳನ್ನು ಒಳಗೆ ತೂರಿಸಿ, ಕಣ್ಣು ಮುಚ್ಚಿ, ಸುತ್ತಲೂ ತಿರುಗಿಸಿದರು. ಉಗುರಿಗೆ ಎಲ್ಲೂ ಸಿಕ್ಕಲಿಲ್ಲ. ಒಂದೇ ಕಾಲಿನದು ಆಗಿತ್ತು. ಬೇಕಾಗಿದ್ದ ಕಾಲಿನದು. ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ಅಕ್ಕ ಅದನ್ನು ತೆಗೆದುಕೊಂಡು ಪೂರ್ತಿ ಒಳಗು ಹೊರಗು ಮಾಡಿದಳು. ಬೆಳಕಿಗೆ ಹೋಗಿ ನೋಡಿದಳು. ತುಟಿಯ ಮೇಲೆ, ಕೆನ್ನೆಯ ಮೇಲೆ ಒಳಮಗ್ಗುಲನ್ನು ಸವರಿಕೊಂಡಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಮಗುವಿನ ಪಾದಕ್ಕೆ ಅವಳೇ ಹಾಕಿದಳು. ಅರ್ಧ ಗಂಟೆಗೊಮ್ಮೆ ತೆಗೆದು ಬೆರಳು ನೋಡಿ ಮತ್ತೆ ಹಾಕುತ್ತಿದ್ದಳು. ಮಗು ಒದೆಯಿತು, ನಿದ್ದೆ ಮಾಡಿತು. ಚೀಲ ಕಾಲಲ್ಲೇ ನಿಂತಿತು.

ಎರಡನೆಯ ದಿನ ಉಗುರಿನ ಸುತ್ತಲಿನ ಕಪ್ಪು ಹಾಗೇ ಇದ್ದಂತೆ ನನಗೆ ಕಂಡಿತು, ಕಡಿಮೆಯಾಗಿದೆಯೆಂದು ಅಮ್ಮನಿಗೆ ಕಂಡಿತು. ಅಕ್ಕ ಇಬ್ಬರ ಮಾತನ್ನೂ ಕೇಳಲಿಲ್ಲ. ನಾನು ಎಡಗಾಲಿನದನ್ನು ಹೆಣೆಯುತ್ತ ಹಜಾರದಲ್ಲಿ ಕೂತಿದ್ದೆ. ಪ್ರತಿ ಮೂಲೆಯಲ್ಲೂ ಎರಡು ಕುಣಿಕೆ ಹೆಣೆದು, ಮೆತ್ತಗೆ ಎಳೆದು, ಮುಂದೆ ಹೋದೆ. ಬೇರೆ ಏನನ್ನೂ ಯೋಚಿಸದಿರಲು ಅದು ಸಾಕಾಗುತ್ತಿತ್ತು.

ಮೂರನೆಯ ದಿನ ಸಂಜೆ ಐದಕ್ಕೆ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ಬಲಗಾಲಿನ ಚೀಲ ತೆಗೆದು, ತಾವೂ ಒಳಗೆ ಬೆರಳು ಹಾಕಿ ನೋಡಿ, ಪಕ್ಕಕ್ಕಿಟ್ಟರು. ಬೆರಳ ತುದಿಯ ಚರ್ಮ ಈರುಳ್ಳಿಯ ಮೇಲಿನ ಸಿಪ್ಪೆಯಂತೆ ಸ್ವಲ್ಪ ಎದ್ದಿತ್ತು. ಅದರ ಅಡಿಯಲ್ಲಿ ಕೆಂಪು. ಅವರು ಉಗುರನ್ನು ಒತ್ತಿ ಬಿಟ್ಟರು. ಬಿಳುಪಾಯಿತು, ಕೆಂಪಾಯಿತು. ಇನ್ನೊಮ್ಮೆ ಒತ್ತಿದರು. ಬಿಳುಪು, ಕೆಂಪು. ಪಕ್ಕದ ಬೆರಳನ್ನೂ ಒತ್ತಿ ಹೋಲಿಸಿದರು.

“ಎರಡೂ ಒಂದೇ ಥರ ಇದೆ. ಇನ್ನು ಮಾಮೂಲಿ ಲಸಿಕೆ ಹಾಕಿಸೋಕೆ ಬಂದ್ರೆ ಸಾಕು,” ಅಂದರು.

ಅಮ್ಮ ಕೈ ಮುಗಿದಳು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ಒರೆಸಿಕೊಂಡು, ಮಗುವಿಗೆ ಎರಡೂ ಕಾಲುಚೀಲ ಹಾಕಿದಳು. ಹೊರಗೆ ಬಂದೆವು. ಸಂಜೆಯ ಬಿಸಿಲು ಮೆಟ್ಟಿಲಿನ ಮೇಲಿತ್ತು, ನಮ್ಮ ಮೂರು ಜೊತೆ ಚಪ್ಪಲಿ ಅಲ್ಲೇ ಇದ್ದವು. ಅಕ್ಕ ಒಂದು ಕ್ಷಣ ನಿಂತು, ತಿರುಗಿ, ಮಗುವನ್ನು ನನ್ನ ಕಡೆ ಚಾಚಿದಳು.

“ಹಿಡ್ಕೊಳೇ. ಚಪ್ಪಲಿ ಹಾಕ್ಕೋಬೇಕು.”

ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಚಪ್ಪಲಿ ಹಾಕಿಕೊಂಡ ಮೇಲೂ ಅವಳು ಮಗುವನ್ನು ವಾಪಸು ಕೇಳಲಿಲ್ಲ, ಮೆಟ್ಟಿಲಿಳಿದು ಅಮ್ಮನ ಜೊತೆ ಮುಂದೆ ನಡೆದಳು. ಮಗು ಬಲಗಾಲು ಮಡಿಸಿ ನನ್ನ ಹೊಟ್ಟೆಗೆ ಬಲವಾಗಿ ಒದೆಯಿತು.

“ಒದೀತಾಳಲ್ಲೇ ಅಕ್ಕ!” ಅಂದೆ.

“ಒದೀಲಿ ಬಿಡು. ಒದೆಸ್ಕೋ,” ಅಂದಳು ಅಕ್ಕ, ತಿರುಗದೆ. ಅಮ್ಮ ನಕ್ಕಳು. ಮೂರು ರಸ್ತೆ ದಾಟಿ ಮನೆ ಸೇರುವವರೆಗೂ ಒದೆಸಿಕೊಂಡೇ ಹೋದೆ.